ಕಂಪೈಲರ್ ಬದಲಾದರೆ ಗಣಿತದ ಲೈಬ್ರರಿ ಏಕೆ ಕೆಡುತ್ತದೆ? ಪ್ಯಾಚ್ ಹಾಕುವುದು ಹೇಗೆ?

2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಎಂಬ ಲಿನಕ್ಸ್ ವಿತರಣೆ ಬಿಡುಗಡೆಯಾಯಿತು. ಅದರೊಂದಿಗೆ ಜಿಸಿಸಿ 14 ಕಂಪೈಲರ್ ಸಾಮಾನ್ಯ ಬಳಕೆದಾರರ ಕಂಪ್ಯೂಟರಿಗೂ ಬಂತು. ವರ್ಷಗಟ್ಟಲೆ ತಕರಾರಿಲ್ಲದೆ ಕಂಪೈಲ್ ಆಗುತ್ತಿದ್ದ ಹಳೆಯ ಸಿ ಕೋಡ್ ಈಗ ತಪ್ಪು ತೋರಿಸಿ ನಿಂತುಬಿಡುತ್ತದೆ. ಇನ್ನೊಂದು ಕಡೆ, ಇಂಟೆಲ್ ಲ್ಯಾಪ್‌ಟಾಪ್‌ನಿಂದ ಆಪಲ್‌ನ ಎಂ ಸರಣಿಯ ಚಿಪ್ ಇರುವ ಲ್ಯಾಪ್‌ಟಾಪ್‌ಗೆ ಹೋದವರಿಗೆ ಅದೇ ಪ್ರೋಗ್ರಾಂ ಹನ್ನೆರಡನೆಯ ಅಂಕಿಯಲ್ಲಿ ಬೇರೆ ಉತ್ತರ ಕೊಡುತ್ತದೆ. ಎರಡೂ ಸಂದರ್ಭದಲ್ಲಿ ಕೋಡ್‌ನ ಒಂದು ಅಕ್ಷರವೂ ಬದಲಾಗಿಲ್ಲ.

ಹಾಗಾದರೆ ಬದಲಾದದ್ದು ಏನು? ವಿಜ್ಞಾನದ ಲೆಕ್ಕಾಚಾರಕ್ಕೆ ಆಧಾರವಾಗಿರುವ ಲೈಬ್ರರಿಗಳನ್ನು ನೋಡಿಕೊಳ್ಳುವವರು ಇಂಥ ಒಡಕುಗಳನ್ನು ಹೇಗೆ ಪತ್ತೆಹಚ್ಚಿ ಸರಿಪಡಿಸುತ್ತಾರೆ? ಲ್ಯಾಪ್ಯಾಕ್ ಎಂಬ ಲೈಬ್ರರಿಯನ್ನು ಮುಂದಿಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

## ಮೊದಲು ಬೇಕಾದ ಕೆಲವು ಪದಗಳು

ಮನುಷ್ಯರು ಬರೆಯುವ ಸೋರ್ಸ್ ಕೋಡನ್ನು ಪ್ರೊಸೆಸರ್‌ನ ಸೂಚನೆಗಳಾಗಿ ಬದಲಿಸುವ ಪ್ರೋಗ್ರಾಂ ಕಂಪೈಲರ್. ಅದು ಒಂದೊಂದು ಫೈಲಿಗೂ ಒಂದೊಂದು ಆಬ್ಜೆಕ್ಟ್ ಫೈಲ್ ಕೊಡುತ್ತದೆ. ಈ ತುಂಡುಗಳಲ್ಲಿ ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನು ಹೆಸರು ನೋಡಿ ಜೋಡಿಸುವುದು ಲಿಂಕರ್‌ನ ಕೆಲಸ. ಬೇರೆ ಪ್ರೋಗ್ರಾಂಗಳು ಕರೆದು ಬಳಸಲಿ ಎಂದೇ ಕಟ್ಟಿಟ್ಟ ಫಂಕ್ಷನ್‌ಗಳ ಸಂಗ್ರಹ ಲೈಬ್ರರಿ.

ಪ್ಯಾಚ್ ಎಂದರೆ ಬದಲಾವಣೆಯನ್ನಷ್ಟೇ ಹೇಳುವ ಚಿಕ್ಕ ಪಠ್ಯ ಫೈಲ್. ತೆಗೆಯಬೇಕಾದ ಸಾಲಿನ ಮುಂದೆ ಮೈನಸ್ ಚಿಹ್ನೆ, ಸೇರಿಸಬೇಕಾದ ಸಾಲಿನ ಮುಂದೆ ಪ್ಲಸ್ ಚಿಹ್ನೆ ಇರುತ್ತದೆ. ಜಾಗ ಗುರುತಿಸಲು ಮೇಲೆ ಕೆಳಗೆ ಸಾಮಾನ್ಯವಾಗಿ ಮೂರು ಮೂರು ಸಾಲುಗಳನ್ನು ಇಟ್ಟಿರುತ್ತಾರೆ.

ಕಂಪೈಲರ್ ಒಂದೇ ಅಲ್ಲ. ಜಿಸಿಸಿ ಕುಟುಂಬದಲ್ಲಿ ಸಿ ಭಾಷೆಗೊಂದು, ಫೋರ್ಟ್ರಾನ್‌ಗೆ ಜಿಫೋರ್ಟ್ರಾನ್. ಎಲ್‌ಎಲ್‌ವಿಎಂ ಕುಟುಂಬದಲ್ಲಿ ಕ್ಲ್ಯಾಂಗ್ ಮತ್ತು ಫ್ಲ್ಯಾಂಗ್. ಇಂಟೆಲ್‌ನ ಹಳೆಯ ಐಫೋರ್ಟ್ ಈಗ ನಿಂತು, ಐಎಫ್‌ಎಕ್ಸ್ ಅದರ ಜಾಗಕ್ಕೆ ಬಂದಿದೆ. ಎನ್‌ವಿಡಿಯಾ, ಎನ್‌ಎಜಿ, ಕ್ರೇ ಸಂಸ್ಥೆಗಳವು ಬೇರೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಎಂಎಸ್‌ವಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ದೊಡ್ಡ ಯಂತ್ರದಿಂದ ಹಿಡಿದು ವಿದ್ಯಾರ್ಥಿಯ ಲ್ಯಾಪ್‌ಟಾಪ್‌ವರೆಗೆ, ಒಂದೇ ಲೈಬ್ರರಿ ಇವುಗಳಲ್ಲಿ ಯಾವುದರ ಕೈಗಾದರೂ ಸಿಗಬಹುದು.

ಸಿ, ಫೋರ್ಟ್ರಾನ್ ಭಾಷೆಗಳಿಗೆ ಅಂತರರಾಷ್ಟ್ರೀಯ ಮಾನಕ ಇದೆ. ಆದರೂ ಮಾನಕ ಎಲ್ಲವನ್ನೂ ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಕೆಲವನ್ನು ಹೀಗೇ ಮಾಡಬೇಕು ಎನ್ನುತ್ತದೆ. ಕೆಲವನ್ನು ಕಂಪೈಲರ್‌ನ ಆಯ್ಕೆಗೆ ಬಿಡುತ್ತದೆ. ಇನ್ನು ಕೆಲವು ಬಗೆಯ ಕೋಡ್ ಬರೆಯಲೇಬಾರದು, ಬರೆದರೆ ಏನಾದರೂ ಆಗಬಹುದು ಎಂದು ಕೈತೊಳೆದುಕೊಳ್ಳುತ್ತದೆ. ಕಂಪೈಲರ್ ಬದಲಾದಾಗ ಬರುವ ತೊಂದರೆಗಳಲ್ಲಿ ಬಹುಪಾಲು ಈ ಎರಡನೆಯ ಮತ್ತು ಮೂರನೆಯ ಜಾಗದಲ್ಲಿ ಹುಟ್ಟಿದವು. ಯಾರೂ ಕೊಡದ ಭರವಸೆಯೊಂದನ್ನು ಕೋಡ್ ಮೊದಲಿನಿಂದಲೂ ನಂಬಿಕೊಂಡಿರುತ್ತದೆ. ಹೊಸ ಕಂಪೈಲರ್ ಅದನ್ನು ಹೊರಗೆ ತರುತ್ತದೆ.

## ಲ್ಯಾಪ್ಯಾಕ್ ಎಂದರೇನು, ಅದೇಕೆ ಇಷ್ಟು ಮುಖ್ಯ?

ಏಕಕಾಲಿಕ ಸಮೀಕರಣಗಳನ್ನು ಬಿಡಿಸುವುದು, ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯ ಕಂಡುಹಿಡಿಯುವುದು, ಕನಿಷ್ಠ ವರ್ಗ ವಿಧಾನದಲ್ಲಿ ರೇಖೆ ಹೊಂದಿಸುವುದು – ಇವು ಲ್ಯಾಪ್ಯಾಕ್‌ನ ಕೆಲಸ. ಮೊದಲ ಆವೃತ್ತಿ 1992ರಲ್ಲಿ ಬಂತು. ಕೆಳಗಿನ ಹಂತದ ಗುಣಾಕಾರ, ಸಂಕಲನಗಳಿಗೆ ಅದು 1979ರಲ್ಲಿ ಪ್ರಕಟವಾಗಿ ಬೆಳೆಯುತ್ತ ಬಂದ ಬ್ಲಾಸ್ ಎಂಬ ಇನ್ನೊಂದು ಲೈಬ್ರರಿಯನ್ನು ಆಶ್ರಯಿಸಿದೆ. ಪೈಥಾನ್‌ನ ನಂಪೈ ಮತ್ತು ಸೈಪೈ, ಅಂಕಿಅಂಶಗಳ ಆರ್ ಭಾಷೆ, ಆಕ್ಟೇವ್, ಜೂಲಿಯಾ ಎಲ್ಲವೂ ಮ್ಯಾಟ್ರಿಕ್ಸ್ ಲೆಕ್ಕ ಬಂದಾಗ ಕೊನೆಗೆ ಇವುಗಳನ್ನೇ ಕರೆಯುತ್ತವೆ.

ಇದರ ಫಂಕ್ಷನ್‌ಗಳ ಹೆಸರಿಗೆ ಒಂದು ಕ್ರಮವಿದೆ. ‘ಡಿಜಿಇಎಸ್‌ವಿ’ ಎಂಬುದರಲ್ಲಿ ಮೊದಲಕ್ಷರ ಸಂಖ್ಯೆಯ ಬಗೆ: ಎಸ್ ಎಂದರೆ 32 ಬಿಟ್ ವಾಸ್ತವ ಸಂಖ್ಯೆ, ಡಿ ಎಂದರೆ 64 ಬಿಟ್, ಸಿ ಮತ್ತು ಝಡ್ ಅವೇ ಎರಡು ಅಳತೆಯ ಸಂಕೀರ್ಣ ಸಂಖ್ಯೆ. ಅಂದರೆ ಬಹುತೇಕ ಪ್ರತಿಯೊಂದು ಫಂಕ್ಷನ್‌ಗೂ ನಾಲ್ಕು ಪ್ರತಿಗಳು, ನಾಲ್ಕು ಬೇರೆ ಫೈಲುಗಳಲ್ಲಿ. ಪ್ಯಾಚ್ ಹಾಕುವಾಗ ಇದು ಮತ್ತೆ ಎದುರಾಗುತ್ತದೆ.

## ಗದ್ದಲ ಮಾಡುವ ತೊಂದರೆ: ನಿಯಮ ಬಿಗಿಯಾದಾಗ

ಕಂಪೈಲ್ ಮಾಡುವಾಗಲೇ ತಪ್ಪು ತೋರಿಸಿ ನಿಲ್ಲುವುದು ನಿಜಕ್ಕೂ ಸುಲಭದ ತೊಂದರೆ. ಸಾಲಿನ ಸಂಖ್ಯೆ ಸಮೇತ ದೂರು ಬರುತ್ತದೆ.

2020ರ ಮೇ ತಿಂಗಳಲ್ಲಿ ಬಂದ ಜಿಸಿಸಿ 10 ಫೋರ್ಟ್ರಾನ್ ಜಗತ್ತಿನಲ್ಲಿ ಹೀಗೊಂದು ಗದ್ದಲ ಎಬ್ಬಿಸಿತು. ಒಂದೇ ಫಂಕ್ಷನ್‌ಗೆ ಒಂದು ಕಡೆ ವಾಸ್ತವ ಸಂಖ್ಯೆಗಳ ಸಾಲನ್ನೂ (ಅರೇ) ಇನ್ನೊಂದು ಕಡೆ ಸಂಕೀರ್ಣ ಸಂಖ್ಯೆಗಳ ಸಾಲನ್ನೂ ಕೊಡುವುದು, ಸಾಲು ಬೇಕಾದಲ್ಲಿ ಬಿಡಿ ಸಂಖ್ಯೆ ಕೊಡುವುದು ಫೋರ್ಟ್ರಾನ್ 77ರ ಕಾಲದ ಕೋಡ್‌ನಲ್ಲಿ ಸಾಮಾನ್ಯ. ಫೋರ್ಟ್ರಾನ್ ಕಳಿಸುವುದು ವಿಳಾಸವನ್ನಷ್ಟೇ ಆದ್ದರಿಂದ ಅದು ನಡೆದುಹೋಗುತ್ತಿತ್ತು, ಆದರೆ ಮಾನಕದ ಪ್ರಕಾರ ಆಗಲೂ ತಪ್ಪೇ. ಜಿಫೋರ್ಟ್ರಾನ್ 10 ಈ ಹೊಂದಾಣಿಕೆಯಿಲ್ಲದ ಕರೆಗಳನ್ನು ದೋಷವೆಂದು ಪರಿಗಣಿಸತೊಡಗಿತು. ‘-ಎಫ್‌ಅಲೋ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್’ ಎಂಬ ಆಯ್ಕೆ ಕೊಟ್ಟರೆ ಅದು ಮತ್ತೆ ಬರೀ ಎಚ್ಚರಿಕೆಯಾಗುತ್ತದೆ. ಇದು ತಾತ್ಕಾಲಿಕ ಉಪಾಯ. ಸರಿಯಾದ ಪ್ಯಾಚ್ ಕೆಲಸದ ಜಾಗವಾಗಿ ಬಳಸುವ ಸಾಲನ್ನು ಎರಡಾಗಿ ಘೋಷಿಸುತ್ತದೆ, ವಾಸ್ತವಕ್ಕೊಂದು, ಸಂಕೀರ್ಣಕ್ಕೊಂದು.

ಅದೇ ಜಿಸಿಸಿ 10 ಸಿ ಭಾಷೆಯಲ್ಲೂ ಒಂದು ಪೂರ್ವನಿಗದಿಯನ್ನು (ಏನೂ ಹೇಳದಿದ್ದಾಗ ಅನ್ವಯಿಸುವ ಆಯ್ಕೆ) ಬದಲಿಸಿತು. ಹಲವು ಫೈಲುಗಳು ಸೇರಿಸಿಕೊಳ್ಳುವ ಘೋಷಣೆಗಳ ಫೈಲಿಗೆ ಹೆಡರ್ ಎನ್ನುತ್ತಾರೆ. ಹೆಡರ್ ಫೈಲಿನಲ್ಲಿ ಒಂದು ಜಾಗತಿಕ ಚರಾಕ್ಷರವನ್ನು ‘ಎಕ್ಸ್‌ಟರ್ನ್’ ಎಂದು ಬರೆಯದೆ ಘೋಷಿಸಿ, ಆ ಹೆಡರನ್ನು ಹತ್ತು ಫೈಲುಗಳು ಸೇರಿಸಿಕೊಂಡರೆ ಮೊದಲು ಲಿಂಕರ್ ಹತ್ತನ್ನೂ ಒಂದಾಗಿಸುತ್ತಿತ್ತು. ಈಗ ಅದೇ ಹೆಸರು ಹತ್ತು ಸಲ ವ್ಯಾಖ್ಯಾನಗೊಂಡಿದೆ ಎಂಬ ದೂರು ಬರುತ್ತದೆ. ಹೆಡರ್‌ನಲ್ಲಿ ‘ಎಕ್ಸ್‌ಟರ್ನ್’ ಸೇರಿಸಿ, ಯಾವುದಾದರೂ ಒಂದು ಸಿ ಫೈಲಿನಲ್ಲಿ ಮಾತ್ರ ನಿಜವಾದ ಘೋಷಣೆ ಇಟ್ಟರೆ ಮುಗಿಯಿತು.

2024ರ ಜಿಸಿಸಿ 14 ಇನ್ನೂ ಮುಂದೆ ಹೋಯಿತು. ಘೋಷಿಸದ ಫಂಕ್ಷನನ್ನು ಕರೆಯುವುದು, ಹೊಂದದ ಪಾಯಿಂಟರ್ (ಮೆಮೊರಿಯ ವಿಳಾಸ) ಬಗೆಗಳನ್ನು ಬೆರೆಸುವುದು, ಪಾಯಿಂಟರನ್ನು ನೇರ ಪೂರ್ಣಾಂಕವಾಗಿ ಬಳಸುವುದು ಇವೆಲ್ಲ ಎಚ್ಚರಿಕೆಯಿಂದ ದೋಷದ ಮಟ್ಟಕ್ಕೆ ಏರಿದವು. ಕಾರಣ ಗಟ್ಟಿಯಾದುದೇ. ಘೋಷಣೆ ಕಾಣದಿದ್ದರೆ ಹಳೆಯ ಸಿ ಆ ಫಂಕ್ಷನ್ 32 ಬಿಟ್ ಪೂರ್ಣಾಂಕ ಮರಳಿಸುತ್ತದೆ ಎಂದು ಊಹಿಸುತ್ತದೆ. ನಿಜದಲ್ಲಿ ಅದು 64 ಬಿಟ್ ವಿಳಾಸ ಮರಳಿಸುವುದಾದರೆ ವಿಳಾಸದ ಅರ್ಧ ಕತ್ತರಿಸಿಹೋಗುತ್ತದೆ. ದಶಮಾಂಶ ಸಂಖ್ಯೆಯಾದರೆ ಬೇರೆಯೇ ರಿಜಿಸ್ಟರ್‌ನಿಂದ, ಅಂದರೆ ಪ್ರೊಸೆಸರ್‌ನೊಳಗಿನ ಬೇರೆಯೇ ಪುಟ್ಟ ಜಾಗದಿಂದ, ಕಸ ಓದಿದಂತಾಗುತ್ತದೆ. ಬಹಳ ಸಲ ಪ್ಯಾಚ್ ಒಂದೇ ಸಾಲು, ಬಿಟ್ಟುಹೋದ ಹೆಡರನ್ನು ಸೇರಿಸುವುದು.

ಗದ್ದಲದ ಈ ತೊಂದರೆಯೊಳಗೆ ಸದ್ದಿಲ್ಲದ ಒಂದು ಬಲೆ ಅಡಗಿದೆ. ಹಳೆಯ ಲೈಬ್ರರಿಗಳು ಕಟ್ಟುವ ಮೊದಲು ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಓಡಿಸುತ್ತವೆ. ಅದು ಪುಟ್ಟ ಪರೀಕ್ಷಾ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ ನೋಡಿ, ಆದರೆ ಆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ ಎಂದು ‘ಕಾನ್ಫಿಗ್’ ಎಂಬ ಹೆಡರ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಆ ಪುಟ್ಟ ಪ್ರೋಗ್ರಾಂಗಳಲ್ಲೇ ಹೆಡರ್ ಬಿಟ್ಟುಹೋಗಿದ್ದರೆ, ಸೌಲಭ್ಯ ಇದ್ದರೂ ಜಿಸಿಸಿ 14ರಲ್ಲಿ ಪರೀಕ್ಷೆ ಸೋಲುತ್ತದೆ. ಲೈಬ್ರರಿ ಸಲೀಸಾಗಿ ಕಂಪೈಲ್ ಆಗುತ್ತದೆ, ಆದರೆ ನಿಧಾನದ ಅಥವಾ ಯಾರೂ ಪರೀಕ್ಷಿಸದ ಬದಲಿ ದಾರಿ ಹಿಡಿದಿರುತ್ತದೆ. ಆದ್ದರಿಂದ ಕಂಪೈಲರ್ ಬದಲಿಸಿದಾಗ ಹಳೆಯ ಮತ್ತು ಹೊಸ ‘ಕಾನ್ಫಿಗ್’ ಹೆಡರ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಕಡ್ಡಾಯ. ವ್ಯತ್ಯಾಸ ಕಂಡರೆ ಕಾರಣ ‘ಕಾನ್ಫಿಗ್’ ಲಾಗ್ ಫೈಲಿನಲ್ಲಿ ಸಿಗುತ್ತದೆ.

2025ರ ಜಿಸಿಸಿ 15ರಲ್ಲಿ ಸಿ ಭಾಷೆಯ ಪೂರ್ವನಿಗದಿ ಸಿ23 ಆಯಿತು. ಫಂಕ್ಷನ್ ಕರೆಯುವಾಗ ಅದಕ್ಕೆ ಕೊಡುವ ಮೌಲ್ಯಗಳೇ ವಾದಗಳು. ಖಾಲಿ ಆವರಣದ ಫಂಕ್ಷನ್ ಘೋಷಣೆಗೆ ಮೊದಲು ‘ವಾದಗಳು ಎಷ್ಟೆಂದು ಹೇಳಿಲ್ಲ’ ಎಂಬ ಅರ್ಥವಿತ್ತು, ಈಗ ‘ವಾದಗಳೇ ಇಲ್ಲ’ ಎಂದು. ತಾತ್ಕಾಲಿಕವಾಗಿ ‘-ಎಸ್‌ಟಿಡಿ=ಗ್ನೂ17’ ಕೊಟ್ಟು ಹಳೆಯ ಅರ್ಥಕ್ಕೆ ಹಿಂತಿರುಗಬಹುದು; ಪ್ಯಾಚ್‌ನಲ್ಲಿ ಪೂರ್ತಿ ಘೋಷಣೆ ಬರೆಯಬೇಕು.

## ಜೋಡಣೆಯ ತೊಂದರೆ: ಎರಡು ತುಂಡುಗಳ ನಡುವಿನ ಕರಾರು

ಎರಡನೆಯ ಬಗೆ ಲಿಂಕರ್‌ನ ಹಂತದಲ್ಲೋ, ಪ್ರೋಗ್ರಾಂ ಓಡುವಾಗಲೋ ಕಾಣಿಸಿಕೊಳ್ಳುತ್ತದೆ. ಕರೆಯುವವನು ವಾದಗಳನ್ನು ಯಾವ ರಿಜಿಸ್ಟರ್‌ನಲ್ಲಿ ಇಡಬೇಕು, ಪೂರ್ಣಾಂಕ ಎಷ್ಟು ಬೈಟ್, ಉತ್ತರ ಎಲ್ಲಿ ಬರುತ್ತದೆ ಎಂಬ ಕರಾರಿಗೆ ಎಬಿಐ ಎನ್ನುತ್ತಾರೆ. ಹಿಂದೆ ಸೇರು ಎಂಬ ಅಳತೆ ಊರಿಂದ ಊರಿಗೆ ಬೇರೆಯಾಗಿತ್ತು. ಕೊಡುವವನ ಸೇರು, ಕೊಳ್ಳುವವನ ಸೇರು ಒಂದೇ ಅಲ್ಲದಿದ್ದರೆ ಇಬ್ಬರೂ ‘ಹತ್ತು ಸೇರು’ ಎಂದೇ ಹೇಳುತ್ತಿದ್ದರೂ ಲೆಕ್ಕ ತಪ್ಪುತ್ತಿತ್ತು. ಎರಡು ಕಂಪೈಲರ್‌ಗಳಿಂದ ಬಂದ ತುಂಡುಗಳನ್ನು ಬೆರೆಸಿದಾಗ ಆಗುವುದು ಅದೇ.

ಹೆಸರಿನಿಂದಲೇ ತೊಡಕು ಶುರು. ಸೋರ್ಸ್‌ನಲ್ಲಿ ‘ಡಿಜಿಇಎಸ್‌ವಿ’ ಎಂದಿರುವುದನ್ನು ಜಿಫೋರ್ಟ್ರಾನ್ ಸಣ್ಣ ಅಕ್ಷರಕ್ಕೆ ತಂದು ಕೊನೆಯಲ್ಲಿ ಒಂದು ಅಡಿಗೆರೆ ಸೇರಿಸುತ್ತದೆ. ವಿಂಡೋಸ್‌ನಲ್ಲಿ ಇಂಟೆಲ್ ಕಂಪೈಲರ್ ಅಡಿಗೆರೆಯಿಲ್ಲದೆ ದೊಡ್ಡ ಅಕ್ಷರದಲ್ಲಿಡುತ್ತದೆ. ಹೆಸರು ಹೊಂದದಿದ್ದರೆ ಲಿಂಕರ್ ‘ಸಿಗಲಿಲ್ಲ’ ಎನ್ನುತ್ತದೆ. ಕಾಣುವ ದೋಷ, ಹೆದರಬೇಕಿಲ್ಲ. ಸಿ ಕೋಡ್‌ನಲ್ಲಿ ಹೆಸರನ್ನು ನೇರ ಬರೆಯದೆ ಒಂದು ಮ್ಯಾಕ್ರೋ (ಕಂಪೈಲ್‌ಗೆ ಮೊದಲು ಬೇರೆ ಪಠ್ಯವಾಗಿ ಬದಲಾಗುವ ಹೆಸರು) ಮೂಲಕ ಬರೆದು, ಅದರ ರೂಪವನ್ನು ಕಟ್ಟುವ ಸಮಯದಲ್ಲಿ ಪರೀಕ್ಷಿಸಿ ತೀರ್ಮಾನಿಸುವುದು ರೂಢಿ. ಕಟ್ಟುವ ಕೆಲಸ ನಡೆಸುವ ಸಿಮೇಕ್ ಉಪಕರಣದಲ್ಲಿ ಇದಕ್ಕೆಂದೇ ಸಿದ್ಧ ಮಾಡ್ಯೂಲ್ ಇದೆ.

ಪೂರ್ಣಾಂಕದ ಅಳತೆಯ ತಪ್ಪು ಹೆಚ್ಚು ಅಪಾಯಕಾರಿ. ಸಾಮಾನ್ಯ ಲ್ಯಾಪ್ಯಾಕ್‌ನಲ್ಲಿ ಪೂರ್ಣಾಂಕ 32 ಬಿಟ್. ಭಾರಿ ಮ್ಯಾಟ್ರಿಕ್ಸ್‌ಗಳಿಗಾಗಿ 64 ಬಿಟ್ ಪೂರ್ಣಾಂಕದ ರೂಪವೂ ಇದೆ. 64 ಬಿಟ್ ಪೂರ್ಣಾಂಕ ಕಳಿಸುವ ಪ್ರೋಗ್ರಾಂ ತಪ್ಪಿ 32 ಬಿಟ್ ಲೈಬ್ರರಿಗೆ ಜೋಡಿಸಲ್ಪಟ್ಟರೆ ಮೊದಲ ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಂಟೆಲ್, ಆರ್ಮ್ (ಆಪಲ್‌ನ ಎಂ ಸರಣಿಯ ಚಿಪ್‌ಗಳು ಈ ಬಗೆಯವು) ಯಂತ್ರಗಳು ಸಂಖ್ಯೆಯ ಕೆಳಗಿನ ಬೈಟ್‌ಗಳನ್ನು ಮೊದಲು ಇಡುತ್ತವೆ. ಆದ್ದರಿಂದ ವಿಳಾಸದಿಂದ ನಾಲ್ಕೇ ಬೈಟ್ ಓದಿದರೂ 1000 ಎಂಬುದು 1000 ಆಗಿಯೇ ಸಿಗುತ್ತದೆ. ಆದರೆ ಸಾಲುಗಳ ಅದಲುಬದಲನ್ನು ದಾಖಲಿಸುವ ‘ಪಿವಟ್’ ಪಟ್ಟಿಯಲ್ಲಿ ಲೈಬ್ರರಿ ನಾಲ್ಕು ಬೈಟ್‌ಗೊಂದರಂತೆ ಬರೆದಿರುತ್ತದೆ, ಪ್ರೋಗ್ರಾಂ ಎಂಟು ಬೈಟ್‌ಗೊಂದರಂತೆ ಓದುತ್ತದೆ. ಎರಡೆರಡು ಸಂಖ್ಯೆ ಒಂದಾಗಿ ಅಂಟಿಕೊಂಡು ಕೋಟಿಗಟ್ಟಲೆ ದೊಡ್ಡ ಸೂಚ್ಯಂಕ ಹುಟ್ಟುತ್ತದೆ. ಇದನ್ನು ತಡೆಯಲೆಂದೇ 64 ಬಿಟ್ ರೂಪದ ಫಂಕ್ಷನ್‌ಗಳ ಹೆಸರಿಗೆ 64 ಎಂಬ ಬಾಲ ಸೇರಿಸುವ ಪದ್ಧತಿ ಬಂದಿದೆ. ಆಗ ತಪ್ಪು ಜೋಡಣೆ ಸುಮ್ಮನೆ ಕೆಡುವ ಬದಲು ಲಿಂಕರ್‌ನಲ್ಲೇ ಸಿಕ್ಕಿಬೀಳುತ್ತದೆ.

ಈ ಬಗೆಯಲ್ಲಿ ಹೆಚ್ಚು ಪಾಠ ಕಲಿಸುವ ಪ್ರಕರಣ 2019ರದು. ಲ್ಯಾಪ್ಯಾಕ್‌ನ ಅನೇಕ ಫಂಕ್ಷನ್‌ಗಳು ಒಂದಕ್ಷರದ ವಾದ ತೆಗೆದುಕೊಳ್ಳುತ್ತವೆ. ಮೇಲಿನ ತ್ರಿಕೋನವೋ ಕೆಳಗಿನದೋ ಎಂದು ಹೇಳಲು ‘ಯು’ ಅಥವಾ ‘ಎಲ್’ ಎಂಬಂತೆ. ಫೋರ್ಟ್ರಾನ್ ಕಂಪೈಲರ್‌ಗಳು ಪಠ್ಯವನ್ನು ಕಳಿಸುವಾಗ ಅದರ ಉದ್ದವನ್ನೂ ಕೊನೆಯಲ್ಲಿ ಒಂದು ಗುಪ್ತ ವಾದವಾಗಿ ಕಳಿಸುತ್ತವೆ. ಸಿ ಭಾಷೆಯಿಂದ ಕರೆಯುವವರು ದಶಕಗಳ ಕಾಲ ಆ ಉದ್ದವನ್ನು ಕಳಿಸಲೇ ಇಲ್ಲ. ಒಂದಕ್ಷರದ ಉದ್ದವನ್ನು ಯಾರೂ ಓದುತ್ತಿರಲಿಲ್ಲವಾದ್ದರಿಂದ ಏನೂ ಆಗುತ್ತಿರಲಿಲ್ಲ.

ಹೊಸ ಜಿಫೋರ್ಟ್ರಾನ್ ವೇಗಕ್ಕಾಗಿ ಒಂದು ಕೆಲಸ ಮಾಡತೊಡಗಿತು. ಒಂದು ಫಂಕ್ಷನ್‌ನ ಕೊನೆಯ ಕೆಲಸ ಇನ್ನೊಂದನ್ನು ಕರೆಯುವುದೇ ಆಗಿದ್ದರೆ, ಹೊಸ ಜಾಗ ತೆಗೆದುಕೊಳ್ಳದೆ ತನಗೆ ಬಂದ ವಾದಗಳ ಜಾಗದಲ್ಲೇ ಮುಂದಿನವನ ವಾದಗಳನ್ನು ಬರೆದು ಹಾರಿಬಿಡುವುದು. ಗುಪ್ತ ಉದ್ದಕ್ಕೂ ಸ್ಟ್ಯಾಕ್‌ನಲ್ಲಿ (ಕರೆಗಳ ವಾದ, ಚರಾಕ್ಷರಗಳನ್ನು ಇಡುವ ಮೆಮೊರಿ) ಜಾಗ ಇದೆ ಎಂಬ ನಂಬಿಕೆಯಿಂದ ಅದು ಅಲ್ಲಿ ಬರೆಯಿತು. ಸಿ ಕಡೆಯವರು ಆ ಜಾಗವನ್ನು ಕೊಟ್ಟೇ ಇರಲಿಲ್ಲ. ಬರೆದದ್ದು ಕರೆದವನ ಸ್ವಂತ ಚರಾಕ್ಷರಗಳ ಮೇಲೆ ಹೋಗಿ ಬಿತ್ತು, ಆರ್ ಭಾಷೆಯಲ್ಲಿ ಲ್ಯಾಪ್ಯಾಕ್ ಕರೆಗಳು ಕೆಟ್ಟವು. ಜಿಸಿಸಿ 8ರಿಂದ ಈ ಗುಪ್ತ ಉದ್ದದ ಬಗೆಯೂ 32 ಬಿಟ್‌ನ ಪೂರ್ಣಾಂಕದಿಂದ ‘ಸೈಜ್-ಟಿ’ಗೆ, ಅಂದರೆ 64 ಬಿಟ್ ಯಂತ್ರಗಳಲ್ಲಿ 64 ಬಿಟ್‌ಗೆ, ಬದಲಾಗಿದ್ದನ್ನೂ ಗಮನಿಸಬೇಕು.

ತಾತ್ಕಾಲಿಕ ಉಪಾಯ, ಲ್ಯಾಪ್ಯಾಕನ್ನು ‘-ಎಫ್‌ನೋ-ಆಪ್ಟಿಮೈಸ್-ಸಿಬ್ಲಿಂಗ್-ಕಾಲ್ಸ್’ ಎಂಬ ಆಯ್ಕೆಯೊಂದಿಗೆ ಕಟ್ಟುವುದು. ಜಿಸಿಸಿಯವರೂ ಇಂಥ ಕರೆಗಳಿಗೆಂದೇ ಒಂದು ರಕ್ಷಣೆಯ ಆಯ್ಕೆ ಸೇರಿಸಿದರು. ಶಾಶ್ವತ ಪರಿಹಾರ ಸಿ ಕಡೆಯಲ್ಲಿ: ಪ್ರತಿ ಘೋಷಣೆಯ ಕೊನೆಗೆ ಉದ್ದದ ವಾದ ಸೇರಿಸಿ, ಪ್ರತಿ ಕರೆಯಲ್ಲೂ 1 ಎಂದು ಕಳಿಸುವುದು. ಆರ್ ಯೋಜನೆ ಇದಕ್ಕಾಗಿ ಮ್ಯಾಕ್ರೋಗಳನ್ನೇ ಕೊಟ್ಟಿದೆ. ಬೇಸರದ ಕೆಲಸ ನಿಜ, ಆದರೆ ಇದೊಂದೇ ಯಾವ ಕಂಪೈಲರ್‌ನಲ್ಲೂ ನಿಲ್ಲುವ ಪರಿಹಾರ.

ಸಂಕೀರ್ಣ ಸಂಖ್ಯೆ ಮರಳಿಸುವ ಬ್ಲಾಸ್ ಫಂಕ್ಷನ್‌ಗಳಲ್ಲೂ ಇಂಥದೇ ಬಿರುಕಿದೆ. ಕೆಲವು ಕಂಪೈಲರ್‌ಗಳು ಉತ್ತರವನ್ನು ರಿಜಿಸ್ಟರ್‌ನಲ್ಲಿ ಕೊಡುತ್ತವೆ, ಕೆಲವು ಮೊದಲ ಗುಪ್ತ ವಾದವಾಗಿ ವಿಳಾಸ ಕೇಳುತ್ತವೆ. ಬ್ಲಾಸ್‌ನ ಸಿ ಭಾಷೆಯ ರೂಪವಾದ ಸಿಬ್ಲಾಸ್‌ನಲ್ಲಿ ಉತ್ತರವನ್ನು ವಾದದ ಮೂಲಕ ಪಡೆಯುವ, ‘ಸಬ್’ ಎಂದು ಕೊನೆಯಾಗುವ ರೂಪಗಳಿವೆ. ಅವನ್ನೇ ಬಳಸಿದರೆ ಈ ಗೊಂದಲ ಬರುವುದಿಲ್ಲ.

## ಸದ್ದಿಲ್ಲದ ತೊಂದರೆ: ಅಂಕಗಣಿತವೇ ಬೇರೆಯಾದಾಗ

64 ಬಿಟ್ ದಶಮಾಂಶ ಸಂಖ್ಯೆಯಲ್ಲಿ ಸುಮಾರು 16 ಅಂಕಿಗಳಿಗೆ ಮಾತ್ರ ಜಾಗ. ಪ್ರತಿ ಸಂಕಲನದ ನಂತರ ಉತ್ತರವನ್ನು ಸಮೀಪದ ಸಂಖ್ಯೆಗೆ ದುಂಡಾಗಿಸಬೇಕು. ಹೀಗಾಗಿ ಯಾವುದನ್ನು ಮೊದಲು ಕೂಡುತ್ತೇವೆ ಎಂಬುದು ಮುಖ್ಯ. 10¹⁶ + 1 − 10¹⁶ ಎಂಬುದನ್ನು ಎಡದಿಂದ ಬಲಕ್ಕೆ ಮಾಡಿದರೆ 0 ಬರುತ್ತದೆ, ಏಕೆಂದರೆ ಅಷ್ಟು ದೊಡ್ಡ ಜಾಗದಲ್ಲಿ ಪಕ್ಕಪಕ್ಕದ ಸಂಖ್ಯೆಗಳ ಅಂತರವೇ 2. ಕೂಡಿದ 1 ದುಂಡಾಗಿ ಮಾಯವಾಗುತ್ತದೆ. ಎರಡು 10¹⁶ಗಳನ್ನು ಮೊದಲು ಕಳೆದರೆ ಉತ್ತರ 1. ಮಾನಕದಂತೆ ನಡೆಯುವ ಕಂಪೈಲರ್ ಸಿ ಭಾಷೆಯಲ್ಲಿ ಈ ಕ್ರಮ ಬದಲಿಸುವಂತಿಲ್ಲ. ಇಂಟೆಲ್ ಕಂಪೈಲರ್‌ಗಳು ಪೂರ್ವನಿಗದಿಯಲ್ಲೇ ವೇಗದ ಕಡೆ ವಾಲಿದ್ದು ಕ್ರಮ ಬದಲಿಸಬಲ್ಲವು. ‘-ಎಫ್‌ಪಿ-ಮಾಡೆಲ್ ಪ್ರಿಸೈಸ್’ ಎಂದು ಕೇಳಿದರೆ ಮಾತ್ರ ಬಿಗಿಯಾಗುತ್ತವೆ. ಜಿಸಿಸಿಯಲ್ಲಿ ಕಟ್ಟಿದ ಲೈಬ್ರರಿಯನ್ನು ಇಂಟೆಲ್‌ನಲ್ಲಿ ಕಟ್ಟಿದಾಗ ಪರೀಕ್ಷೆಗಳು ಸೋತರೆ ಮೊದಲು ನೋಡಬೇಕಾದುದು ಇದನ್ನೇ.

ಇನ್ನೊಂದು ಮೂಲ ಎಫ್‌ಎಂಎ. ಗುಣಿಸಿ ಕೂಡುವುದನ್ನು ಒಂದೇ ಸೂಚನೆಯಲ್ಲಿ, ನಡುವೆ ದುಂಡಾಗಿಸದೆ ಮಾಡುವ ಸೌಲಭ್ಯ ಅದು. ಒಂದೊಂದಾಗಿ ನೋಡಿದರೆ ಹೆಚ್ಚು ನಿಖರ. ಆದರೆ ಕ×ಕ − ಖ×ಖ ಎಂಬ ಲೆಕ್ಕವನ್ನು ತೆಗೆದುಕೊಳ್ಳಿ. ಕ ಮತ್ತು ಖ ಸಮ ಎಂದಿಟ್ಟುಕೊಳ್ಳಿ. ಎರಡೂ ಗುಣಲಬ್ಧ ಒಂದೇ ರೀತಿ ದುಂಡಾದರೆ ವ್ಯತ್ಯಾಸ ಸರಿಯಾಗಿ 0. ಎಫ್‌ಎಂಎ ಬಂದರೆ ಒಂದು ಗುಣಲಬ್ಧ ದುಂಡಾಗಿರುತ್ತದೆ, ಇನ್ನೊಂದು ಆಗಿರುವುದಿಲ್ಲ. ಉಳಿಯುವುದು ದುಂಡಾಗಿಸಿದ ದೋಷದಷ್ಟೇ ಸಣ್ಣ ಸಂಖ್ಯೆ, ಕೆಲವೊಮ್ಮೆ ಋಣಾತ್ಮಕ. ಮುಂದಿನ ಸಾಲಿನಲ್ಲಿ ಅದರ ವರ್ಗಮೂಲ ತೆಗೆದರೆ ‘ಸಂಖ್ಯೆಯಲ್ಲ’ ಎಂಬ ನ್ಯಾನ್ ಮೌಲ್ಯ ಹುಟ್ಟಿ, ಅಲ್ಲಿಂದ ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ.

ಇದು ಆರ್ಮ್ ಯಂತ್ರಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಏಕೆ? 64 ಬಿಟ್ ಆರ್ಮ್‌ನಲ್ಲಿ ಎಫ್‌ಎಂಎ ಮೂಲ ಸೂಚನೆಗಳಲ್ಲೇ ಸೇರಿದೆ, ಆದ್ದರಿಂದ ಜಿಸಿಸಿ ಹೇಳದೆ ಬಳಸುತ್ತದೆ. ಇಂಟೆಲ್ ಬಗೆಯ 64 ಬಿಟ್ ಯಂತ್ರಗಳಲ್ಲಿ ಅದು ಆಮೇಲೆ ಬಂದದ್ದು. ಇಂಟೆಲ್‌ಗೆ 2013ರ ಹ್ಯಾಸ್‌ವೆಲ್‌ನಿಂದ. ಹಳೆಯ ಪ್ರೊಸೆಸರ್‌ನಲ್ಲೂ ಓಡಬೇಕಾದ ಸಾಮಾನ್ಯ ಕಟ್ಟಡದಲ್ಲಿ (ಕಂಪೈಲ್ ಮಾಡಿ ಸಿದ್ಧಗೊಳಿಸಿದ ರೂಪದಲ್ಲಿ) ಕಂಪೈಲರ್ ಅದನ್ನು ಮುಟ್ಟುವುದಿಲ್ಲ, ಈ ಯಂತ್ರಕ್ಕಷ್ಟೇ ಕಟ್ಟು ಎಂದರೆ ಮುಟ್ಟುತ್ತದೆ. ಕ್ಲ್ಯಾಂಗ್ ಕೂಡ 2022ರ 14ನೇ ಆವೃತ್ತಿಯಿಂದ ಒಂದೇ ಅಭಿವ್ಯಕ್ತಿಯೊಳಗೆ ಇಂಥ ಬೆಸುಗೆಯನ್ನು ಪೂರ್ವನಿಗದಿಯಾಗಿ ಮಾಡುತ್ತದೆ. ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್’ ಕೊಟ್ಟು ಪರೀಕ್ಷೆ ಗೆದ್ದರೆ ಕಾರಣ ಖಚಿತ. ಇಡೀ ಲೈಬ್ರರಿಗೆ ಆ ಆಯ್ಕೆ ಹೇರಿದರೆ ವೇಗ ಹೋಗುತ್ತದೆ. ಆ ಒಂದು ಸೂತ್ರವನ್ನು (ಕ−ಖ)×(ಕ+ಖ) ಎಂದು ಬರೆಯುವುದು ಒಳ್ಳೆಯ ಪ್ಯಾಚ್, ನಿಖರತೆಯೂ ಹೆಚ್ಚು.

ಲ್ಯಾಪ್ಯಾಕ್‌ನೊಳಗೇ ಕಂಪೈಲರ್‌ಗಳೊಂದಿಗೆ ನಡೆದ ಹೋರಾಟದ ಗುರುತುಗಳಿವೆ. ‘ಡಿಲ್ಯಾಮ್ಚ್’ ಎಂಬ ಫಂಕ್ಷನ್ ಯಂತ್ರದ ನಿಖರತೆಯನ್ನು ಹೇಳುತ್ತದೆ. ಹಳೆಯ ರೂಪದಲ್ಲಿ ಅದು ಒಂದಕ್ಕೆ ಚಿಕ್ಕ ಚಿಕ್ಕ ಸಂಖ್ಯೆ ಕೂಡುತ್ತ, ಯಾವಾಗ ಬದಲಾವಣೆ ನಿಲ್ಲುತ್ತದೆ ಎಂದು ಪ್ರಯೋಗ ಮಾಡಿ ಕಂಡುಹಿಡಿಯುತ್ತಿತ್ತು. ಚುರುಕಾದ ಕಂಪೈಲರ್ ಆ ಪ್ರಯೋಗವನ್ನೇ ಸರಳಗೊಳಿಸಿಬಿಟ್ಟರೆ ಉತ್ತರ ತಪ್ಪುತ್ತಿತ್ತು ಅಥವಾ ಲೂಪ್ ಮುಗಿಯುತ್ತಲೇ ಇರಲಿಲ್ಲ. ಅದಕ್ಕೇ ಆ ಫೈಲನ್ನು ಮಾತ್ರ ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಮಾಡುವ ಮಾರ್ಪಾಡು) ಇಲ್ಲದೆ ಕಟ್ಟುವ ನಿಯಮವನ್ನು ಮೇಕ್‌ಫೈಲ್‌ನಲ್ಲೇ ಬರೆದಿದ್ದರು. ಈಗಿನ ರೂಪ ಫೋರ್ಟ್ರಾನ್ 90ರ ಅಂತರ್ಗತ ಫಂಕ್ಷನ್‌ಗಳನ್ನು ಕೇಳಿ ತಿಳಿದುಕೊಳ್ಳುತ್ತದೆ.

‘ಡಿಐಎಸ್‌ನ್ಯಾನ್’ ಇನ್ನೂ ಕುತೂಹಲಕರ. ನ್ಯಾನ್ ಎಂಬ ಮೌಲ್ಯ ತನಗೆ ತಾನೇ ಸಮವಲ್ಲ, ಅದನ್ನು ಗುರುತಿಸುವ ಸುಲಭ ಉಪಾಯವೂ ಇದೇ. ಆದರೆ ‘ಕ ಎಂಬುದು ಕ ಅಲ್ಲವೇ?’ ಎಂಬ ಪ್ರಶ್ನೆಯನ್ನು ಕಂಪೈಲರ್ ನೋಡಿದೊಡನೆ ಅಳಿಸಿಹಾಕಬಹುದು. ಅದಕ್ಕಾಗಿ ಹೋಲಿಕೆಯನ್ನು ಬೇರೊಂದು ಫೈಲಿನ ಬೇರೊಂದು ಫಂಕ್ಷನ್‌ನಲ್ಲಿಟ್ಟು, ಒಂದೇ ಚರಾಕ್ಷರವನ್ನು ಎರಡು ವಾದವಾಗಿ ಕಳಿಸುತ್ತಾರೆ. ಎರಡೂ ಒಂದೇ ಎಂದು ಕಂಪೈಲರ್‌ಗೆ ತಿಳಿಯದಂತೆ. ಎಲ್ಲ ಫೈಲುಗಳನ್ನೂ ಒಟ್ಟಿಗೆ ನೋಡಿ ಆಪ್ಟಿಮೈಸ್ ಮಾಡಿದರೆ ಈ ಪರೀಕ್ಷೆ ಅಳಿದುಹೋಗಬಹುದು ಎಂಬ ಎಚ್ಚರಿಕೆಯನ್ನು ಆ ಫೈಲಿನ ಟಿಪ್ಪಣಿಯಲ್ಲೇ ಬರೆದಿದ್ದಾರೆ.

‘-ಎಫ್‌ಫಾಸ್ಟ್-ಮ್ಯಾಥ್’ ಎಂಬ ಆಯ್ಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು: ಹಂಚಿಕೊಳ್ಳುವ ಲೈಬ್ರರಿಗೆ ಇದನ್ನು ಹಾಕಬೇಡಿ. ನ್ಯಾನ್ ಬರುವುದೇ ಇಲ್ಲ ಎಂದು ಊಹಿಸಲು ಅದು ಕಂಪೈಲರ್‌ಗೆ ಅನುಮತಿ ಕೊಡುತ್ತದೆ, ಆಗ ಮೇಲಿನ ಪರೀಕ್ಷೆಗಳೆಲ್ಲ ವ್ಯರ್ಥ. ಜಿಸಿಸಿ 13ಕ್ಕಿಂತ ಹಿಂದೆ ಇಂಟೆಲ್ ಬಗೆಯ ಯಂತ್ರಗಳಲ್ಲಿ ಇನ್ನೂ ಒಂದು ಕೇಡಿತ್ತು. ಈ ಆಯ್ಕೆಯೊಂದಿಗೆ ಲಿಂಕ್ ಮಾಡಿದ ಲೈಬ್ರರಿ ಲೋಡ್ ಆದ ಕ್ಷಣ ಪ್ರೊಸೆಸರ್‌ನ ಸ್ಥಿತಿಯನ್ನೇ ಬದಲಿಸಿ, ಸುಮಾರು 2.2×10⁻³⁰⁸ಕ್ಕಿಂತ ಸಣ್ಣ ಸಂಖ್ಯೆಗಳನ್ನು ಸೊನ್ನೆ ಮಾಡಿಸುತ್ತಿತ್ತು. ಆ ಲೈಬ್ರರಿಗೆ ಸಂಬಂಧವೇ ಇಲ್ಲದ ಪಕ್ಕದ ಲೈಬ್ರರಿಯ ಉತ್ತರವೂ ಕೆಡುತ್ತಿತ್ತು. ಇಂಥ ದೋಷವನ್ನು ಕೆಟ್ಟ ಲೈಬ್ರರಿಯ ಕೋಡ್ ಓದಿ ಕಂಡುಹಿಡಿಯಲು ಸಾಧ್ಯವೇ ಇಲ್ಲ.

ಸಿ ಭಾಷೆಯ ಅತಿ ನಿಖರ ದಶಮಾಂಶ ಬಗೆಯಾದ ‘ಲಾಂಗ್ ಡಬಲ್’ ಬಳಸುವ ಕೋಡ್‌ಗೂ ಎಚ್ಚರ ಬೇಕು. ಇಂಟೆಲ್ ಬಗೆಯ ಲಿನಕ್ಸ್‌ನಲ್ಲಿ ಅದು 80 ಬಿಟ್, 64 ಬಿಟ್ ಆರ್ಮ್ ಲಿನಕ್ಸ್‌ನಲ್ಲಿ 128 ಬಿಟ್, ಎಂಎಸ್‌ವಿಸಿಯಲ್ಲೂ ಆಪಲ್‌ನ ಆರ್ಮ್ ಯಂತ್ರಗಳಲ್ಲೂ ಬರೀ 64 ಬಿಟ್.

## ಪತ್ತೆ ಹಚ್ಚುವ ಕ್ರಮ

ಮೊದಲು ಆಪ್ಟಿಮೈಸೇಶನ್ ಪೂರ್ತಿ ತೆಗೆದು (‘-ಓ0’) ಕಟ್ಟಿ ನೋಡಿ. ಆಗ ತೊಂದರೆ ಮಾಯವಾದರೆ, ಮೇಲೆ ಹೇಳಿದ ಅಂಕಗಣಿತದ ವ್ಯತ್ಯಾಸ ಕಾರಣವಲ್ಲದಿದ್ದಲ್ಲಿ, ಎರಡು ಸಾಧ್ಯತೆ: ನಮ್ಮ ಕೋಡ್ ನಿಯಮ ಮೀರಿದೆ, ಇಲ್ಲವೇ ಕಂಪೈಲರ್‌ನಲ್ಲೇ ದೋಷವಿದೆ. ಮೊದಲನೆಯದೇ ಬಹಳ ಹೆಚ್ಚು. ಅದನ್ನು ತಳ್ಳಿಹಾಕದೆ ಕಂಪೈಲರನ್ನು ದೂರಬಾರದು. ಸಿ ಕೋಡ್‌ಗೆ ಓಡುವಾಗಲೇ ವಿಳಾಸದ ತಪ್ಪು ಮತ್ತು ಅನಿರ್ದಿಷ್ಟ ವರ್ತನೆ (ಮಾನಕ ಕೈತೊಳೆದುಕೊಂಡ ಬಗೆಯ ಕೋಡ್) ಪರೀಕ್ಷಿಸುವ ಸ್ಯಾನಿಟೈಸರ್‌ಗಳನ್ನು, ಜಿಫೋರ್ಟ್ರಾನ್‌ಗೆ ‘-ಎಫ್‌ಚೆಕ್=ಆಲ್’ ಆಯ್ಕೆಯನ್ನು ಹಾಕಿ ಓಡಿಸಿ. ಅರೇಯ ಗಡಿ ದಾಟಿ ಬರೆದದ್ದು, ಮೌಲ್ಯ ಕೊಡದ ಪಾಯಿಂಟರ್ ಬಳಸಿದ್ದು ಇಲ್ಲೇ ಸಿಗುತ್ತವೆ.

ಆಮೇಲೆ ಯಾವ ಫೈಲ್ ಎಂದು ಹುಡುಕಬೇಕು. ಅರ್ಧ ಆಬ್ಜೆಕ್ಟ್ ಫೈಲುಗಳನ್ನು ಸರಿಯಿರುವ ಕಟ್ಟಡದಿಂದ, ಅರ್ಧವನ್ನು ಕೆಟ್ಟ ಕಟ್ಟಡದಿಂದ ತೆಗೆದುಕೊಂಡು ಲಿಂಕ್ ಮಾಡಿ. ದೋಷ ಯಾವ ಅರ್ಧದ ಜೊತೆ ಹೋಗುತ್ತದೋ ಅದನ್ನು ಮತ್ತೆ ಅರ್ಧ ಮಾಡಿ. 2000 ಫೈಲುಗಳಿದ್ದರೂ 11 ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಎರಡೂ ಕಟ್ಟಡಗಳ ಎಬಿಐ ಒಂದೇ ಆಗಿರಬೇಕು ಎಂಬುದು ಷರತ್ತು. ಜಿಫೋರ್ಟ್ರಾನ್‌ನ ‘-ಓ0’ ಮತ್ತು ಆಪ್ಟಿಮೈಸ್ ಮಾಡಿದ ‘-ಓ2’ ತುಂಡುಗಳನ್ನು ಬೆರೆಸಬಹುದು. ಬೇರೆ ಬೇರೆ ಕಂಪೈಲರ್‌ಗಳ ಫೋರ್ಟ್ರಾನ್ ಮಾಡ್ಯೂಲ್ ಫೈಲುಗಳನ್ನು ಮಾತ್ರ ಬೆರೆಸಲಾಗದು, ಅವುಗಳ ರೂಪ ಪ್ರತಿ ಕಂಪೈಲರ್‌ಗೂ ಬೇರೆ.

## ಪ್ಯಾಚ್ ಬರೆಯುವಾಗ

‘ಈ ಕಂಪೈಲರ್ ಆದರೆ ಹೀಗೆ’ ಎಂಬ ಷರತ್ತುಗಳನ್ನು ಆದಷ್ಟು ತಪ್ಪಿಸಿ, ಸೌಲಭ್ಯ ಇದೆಯೇ ಎಂದು ಪರೀಕ್ಷಿಸಿ. ಕಂಪೈಲರ್‌ನ ಗುರುತು ಮೋಸ ಮಾಡುತ್ತದೆ. ಹಳೆಯ ಕೋಡ್ ಒಡೆಯದಿರಲಿ ಎಂದು ಕ್ಲ್ಯಾಂಗ್ ತನ್ನನ್ನು ಜಿಸಿಸಿ 4.2.1 ಎಂದು ಹೇಳಿಕೊಳ್ಳುತ್ತದೆ. ‘ಜಿಸಿಸಿ 5 ಅಥವಾ ಹೆಚ್ಚಿನದಾದರೆ’ ಎಂದು ಬರೆದ ಷರತ್ತು ಅತಿ ಹೊಸ ಕ್ಲ್ಯಾಂಗ್‌ನಲ್ಲೂ ಸುಳ್ಳಾಗುತ್ತದೆ.

ಒಂದು ಪ್ಯಾಚ್‌ಗೆ ಒಂದೇ ಕಾರಣ ಇರಲಿ. ಅದರ ತಲೆಯಲ್ಲಿ ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ಆಯ್ಕೆಗಳು, ಬಂದ ದೋಷದ ಸಂದೇಶ, ಮೂಲ ಯೋಜನೆಗೆ ಕಳಿಸಿದೆಯೇ, ಯಾವಾಗ ತೆಗೆದುಹಾಕಬಹುದು ಎಂದು ಬರೆಯಿರಿ. ಮೂರು ವರ್ಷದ ನಂತರ ಓದುವವರಿಗೆ ಕೋಡ್‌ಗಿಂತ ಈ ಸಾಲುಗಳೇ ಹೆಚ್ಚು ಬೇಕಾಗುತ್ತವೆ.

ಲ್ಯಾಪ್ಯಾಕ್‌ನಲ್ಲಿ ಡಿ ರೂಪದ ಫೈಲ್ ತಿದ್ದಿದರೆ ಎಸ್, ಸಿ, ಝಡ್ ರೂಪಗಳನ್ನೂ ನೋಡಲೇಬೇಕು. ಬ್ಲಾಸ್‌ನ ವೇಗದ ರೂಪವಾದ ಓಪನ್‌ಬ್ಲಾಸ್ ಕೂಡ ಲ್ಯಾಪ್ಯಾಕ್‌ನ ಪ್ರತಿಯನ್ನು ತನ್ನೊಳಗೆ ಇಟ್ಟುಕೊಂಡಿದೆ, ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಾನಾಗಿ ಹೋಗುವುದಿಲ್ಲ.

ಮೂಲ ಯೋಜನೆ ಒಪ್ಪಿಕೊಳ್ಳುವವರೆಗೆ ಪ್ಯಾಚನ್ನು ಪ್ರತಿ ಹೊಸ ಬಿಡುಗಡೆಯ ಮೇಲೂ ಹಾಕುತ್ತಿರಬೇಕು. ಇಲ್ಲೊಂದು ಅಪಾಯವಿದೆ. ಸುತ್ತಲಿನ ಸಾಲುಗಳು ಸ್ವಲ್ಪ ಬದಲಾಗಿದ್ದರೂ ‘ಪ್ಯಾಚ್’ ಉಪಕರಣ ಪೂರ್ವನಿಗದಿಯಾಗಿ ಎರಡು ಸಾಲಿನವರೆಗೆ ಹೊಂದಾಣಿಕೆ ಸಡಿಲಿಸಿ ಹಾಕಿಬಿಡುತ್ತದೆ. ಒಂದೇ ಬಗೆಯ ಲೂಪ್‌ಗಳು ಸಾಲಾಗಿರುವ ಗಣಿತದ ಕೋಡ್‌ನಲ್ಲಿ ಅದು ಪಕ್ಕದ ಲೂಪ್‌ಗೆ ಹೋಗಿ ಕೂರಬಹುದು. ಸಡಿಲಿಕೆಯನ್ನು ಸೊನ್ನೆಗೆ ಇಳಿಸಿ, ಹೊಂದದಿದ್ದರೆ ಕೈಯಿಂದಲೇ ಹಾಕಿ.

## ಪರೀಕ್ಷೆ: ‘ಸಮ’ ಎಂದರೆ ಎಷ್ಟು ಸಮ?

ಹಳೆಯ ಉತ್ತರದ ಪ್ರತಿ ಅಂಕಿಯೂ ಹೊಂದಬೇಕು ಎಂಬ ಪರೀಕ್ಷೆ ಎರಡನೇ ಕಂಪೈಲರ್‌ನಲ್ಲೇ ಸೋಲುತ್ತದೆ. ಸೋತಿತೆಂದು ಅನುಮತಿಸುವ ಅಂತರವನ್ನು ಹತ್ತು ಪಟ್ಟು, ನೂರು ಪಟ್ಟು ಹಿಗ್ಗಿಸುತ್ತ ಹೋದರೆ ನಿಜವಾದ ದೋಷವೂ ನುಸುಳುತ್ತದೆ. ಲ್ಯಾಪ್ಯಾಕ್‌ನ ಪರೀಕ್ಷೆಗಳು ಬೇರೆ ದಾರಿ ಹಿಡಿದಿವೆ, ಅದು ಅನುಕರಣೀಯ. ಮ್ಯಾಟ್ರಿಕ್ಸನ್ನು ಅಪವರ್ತಿಸಿ, ಆ ಅಪವರ್ತನಗಳನ್ನು ಮತ್ತೆ ಗುಣಿಸಿ, ಮೂಲಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮ್ಯಾಟ್ರಿಕ್ಸ್‌ನ ಗಾತ್ರ, ಅದರ ನಾರ್ಮ್ (ಅದರ ಅಂಶಗಳು ಎಷ್ಟು ದೊಡ್ಡವು ಎಂಬ ಅಳತೆ) ಮತ್ತು ಯಂತ್ರದ ನಿಖರತೆಗಳ ಗುಣಲಬ್ಧದಿಂದ ಭಾಗಿಸುತ್ತಾರೆ. ಸಮೀಕರಣಗಳ ಪರೀಕ್ಷೆಯಲ್ಲಿ ಈ ಅನುಪಾತ 30ಕ್ಕಿಂತ ಕಡಿಮೆಯಿದ್ದರೆ ಸರಿ. ದುಂಡಾಗಿಸುವ ಕ್ರಮ ಬದಲಾದರೆ ಅನುಪಾತ ಅಲ್ಪಸ್ವಲ್ಪ ಅಲ್ಲಾಡುತ್ತದೆ, ನಿಜವಾದ ದೋಷವಾದರೆ ಲಕ್ಷಗಳಿಗೆ ಹಾರುತ್ತದೆ. ನಡುವೆ ಗೊಂದಲಕ್ಕೆ ಜಾಗ ಬಹಳ ಕಡಿಮೆ.

ಓಡಿಸಬೇಕಾದ ಕನಿಷ್ಠ ಜೋಡಿಗಳು: ಬೆಂಬಲಿಸುವ ಅತಿ ಹಳೆಯ ಜಿಸಿಸಿ ಮತ್ತು ಅತಿ ಹೊಸದು, ಎಲ್‌ಎಲ್‌ವಿಎಂ ಕುಟುಂಬದ ಒಂದು, ಇಂಟೆಲ್‌ನ ಐಎಫ್‌ಎಕ್ಸ್. ಇವುಗಳಲ್ಲಿ ಒಂದನ್ನಾದರೂ ಆರ್ಮ್ ಯಂತ್ರದ ಮೇಲೆ, ಒಂದನ್ನು ‘-ಓ0’ದಲ್ಲಿ, ಒಂದನ್ನು ಸ್ಯಾನಿಟೈಸರ್ ಜೊತೆ. ವಿಂಡೋಸ್ ಬಳಕೆದಾರರಿದ್ದರೆ ಎಂಎಸ್‌ವಿಸಿಯೂ ಬೇಕು. ಅಲ್ಲಿ ‘ಲಾಂಗ್’ ಪೂರ್ಣಾಂಕ 32 ಬಿಟ್, 64 ಬಿಟ್ ಲಿನಕ್ಸ್‌ನಲ್ಲಿ 64.

## ಬಳಕೆದಾರರಾಗಿ ನಿಮ್ಮ ಮುಂದೆ ದೋಷ ಬಂದರೆ

ತುರ್ತಿಗೆ ಮೇಲೆ ಹೇಳಿದ ಆಯ್ಕೆಗಳಲ್ಲಿ ಹೊಂದುವುದನ್ನು ಬಳಸಿ ಕೆಲಸ ಮುಂದುವರಿಸಬಹುದು, ಆದರೆ ಯಾವುದನ್ನು ಬಳಸಿದಿರಿ ಎಂದು ಫಲಿತಾಂಶದ ಜೊತೆ ಬರೆದಿಟ್ಟುಕೊಳ್ಳಿ. ಲೈಬ್ರರಿಯನ್ನೂ ಅದನ್ನು ಕರೆಯುವ ಕೋಡನ್ನೂ ಒಂದೇ ಕಂಪೈಲರ್‌ನ ಒಂದೇ ಆವೃತ್ತಿಯಲ್ಲಿ ಕಟ್ಟಿ. ಕ್ಲಸ್ಟರ್‌ಗಳಲ್ಲಿ ಕಟ್ಟುವಾಗ ಯಾವ ಮಾಡ್ಯೂಲ್ (ಕಂಪೈಲರ್, ಲೈಬ್ರರಿಗಳ ಸಿದ್ಧ ಆಯ್ಕೆ) ಲೋಡ್ ಮಾಡಿದ್ದಿರೋ ಓಡಿಸುವಾಗಲೂ ಅದನ್ನೇ ಲೋಡ್ ಮಾಡಿ. ಲಿನಕ್ಸ್‌ನಲ್ಲಿ ‘ಎಲ್‌ಡಿಡಿ’ ಆದೇಶ ಕೊಟ್ಟರೆ ನಿಜವಾಗಿ ಯಾವ ಬ್ಲಾಸ್, ಯಾವ ಲ್ಯಾಪ್ಯಾಕ್ ಜೋಡಣೆಯಾಗುತ್ತಿದೆ ಎಂದು ತೋರಿಸುತ್ತದೆ. ನೀವು ಅಂದುಕೊಂಡದ್ದೇ ಇದೆಯೇ ಎಂದು ಒಮ್ಮೆ ನೋಡಿ.

ನಿರ್ವಾಹಕರಿಗೆ ಬರೆಯುವಾಗ ಕಂಪೈಲರ್‌ನ ಪೂರ್ತಿ ಆವೃತ್ತಿ ಸಂಖ್ಯೆ, ಪ್ರೊಸೆಸರ್, ಕೊಟ್ಟ ಎಲ್ಲ ಆಯ್ಕೆಗಳು, ‘ಕಾನ್ಫಿಗ್’ ಲಾಗ್, ‘-ಓ0’ದಲ್ಲಿ ಏನಾಗುತ್ತದೆ ಎಂಬುದು ಮತ್ತು ದೋಷ ತೋರಿಸುವ ಅತಿ ಚಿಕ್ಕ ಪ್ರೋಗ್ರಾಂ ಇರಲಿ. ಉತ್ತರ ತಪ್ಪು ಎಂಬ ದೂರಾದರೆ ಸಂಖ್ಯೆಗಳನ್ನು 17 ಅಂಕಿಗಳವರೆಗೆ ಮುದ್ರಿಸಿ ಕಳಿಸಿ. ಅದಕ್ಕಿಂತ ಕಡಿಮೆಯಾದರೆ ಎರಡು ಬೇರೆ 64 ಬಿಟ್ ಸಂಖ್ಯೆಗಳು ಕಾಗದದ ಮೇಲೆ ಒಂದೇ ಆಗಿ ಕಾಣಬಹುದು.